ನೇಪಾಳದ ಬೀಜ

ಅವ್ವನ ಟ್ರಂಕು ತೆರೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಗಚ್ಚಿಬೌಲಿಯ ಈ ಫ್ಲಾಟಿನಲ್ಲಿ, ಫ್ಯಾನಿನ ಕೆಳಗೆ ಕೂತು ಒಂದೊಂದೇ ಸೀರೆ ತೆಗೆದಿಡತೊಡಗಿದೆ. ಉಳಿದವರಿಗೆ ಆ ವಾಸನೆ ಎಂದರೆ ಹಳೆಯ ಸೀರೆ. ನನಗೆ ಮಾತ್ರ ಅದು ನಾರಾಯಣಗೂಡದ ನಮ್ಮ ವಠಾರದ ಮಹಡಿ ಕೋಣೆ, ಅಲ್ಲಿದ್ದ ಗಿಡದ ಮಾಮಾ.

ನಿಜವಾದ ಮಾಮಾ ಏನಲ್ಲ. ನಮ್ಮ ಹಾಗೆಯೇ ಧಾರವಾಡದ ಕಡೆಯಿಂದ ಈ ತೆಲುಗು ಊರಿಗೆ ಬಂದವರು, ಒಂಟಿ ಜೀವ. ದೂರದ ಕಾಡುಗಳನ್ನು ಅಲೆದು ಗಿಡ ಕೂಡಿಸುವುದೇ ಅವರ ಬದುಕು. ವರ್ಷದಲ್ಲಿ ಎಂಟು ತಿಂಗಳು ಊರಲ್ಲಿ ಇರುತ್ತಿರಲಿಲ್ಲ. ಸಿಕ್ಕಿಂ, ಅಂಡಮಾನ್, ಬರ್ಮಾದ ಗಡಿ... ಆ ವರ್ಷ ನೇಪಾಳಕ್ಕೂ ಹೋಗಿ ಬಂದಿದ್ದರು. ತಂದ ಗಿಡಗಳನ್ನು ಹಳೆಯ ಪೇಪರುಗಳ ನಡುವೆ ಹರವಿ, ಎರಡು ಹಲಗೆಗಳ ಮಧ್ಯೆ ಇಟ್ಟು ಬೆಲ್ಟಿನಿಂದ ಬಿಗಿಯುತ್ತಿದ್ದರು. ತೇವಗೊಂಡ ಪೇಪರುಗಳನ್ನು ಮಾಳಿಗೆಯ ಮೇಲೆ ಒಣಹಾಕುವುದು ನನ್ನ ಕೆಲಸ. ಗಿಡ ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು, ಹುಳ ಹಿಡಿಯದ ಹಾಗೆ ಡಾಂಬರು ಗುಳಿಗೆ ಇಟ್ಟು, ಮೂಲೆಯಲ್ಲಿ ಒಂದು ಚೀಟಿ ಅಂಟಿಸುತ್ತಿದ್ದರು. ಹೆಸರು, ಸ್ಥಳ, ಸಂಗ್ರಹಿಸಿದವರು.

“ಚೀಟಿ ಇಲ್ಲದ ಗಿಡ ಬರೇ ಕಸ ನೋಡವಾ,” ಎನ್ನುತ್ತಿದ್ದರು. “ಎಲ್ಲಿ ಸಿಕ್ತು, ಯಾರು ಕಿತ್ತರು, ಇದ್ದದ್ದು ಇದ್ದಾಂಗ ಬರೀಬೇಕು.”

ಇದ್ದದ್ದು ಇದ್ದ ಹಾಗೆ ಹೇಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ನಾನು ಹುಟ್ಟಾ ಅಂಜುಬುರುಕಿ. ಗಾಳಿಗೆ ಆ ಒಣ ಹಾಳೆಗಳು ಸರಸರ ಎಂದರೂ ಮೆಟ್ಟಿಲು ಇಳಿದು ಓಡುತ್ತಿದ್ದೆ.

ಮಾಮಾ ಮತ್ತೆ ಅಸ್ಸಾಮಿನ ಕಡೆ ಹೋಗಿದ್ದ ಒಂದು ಮಧ್ಯಾಹ್ನ. ನನಗೆ ಒಂಬತ್ತು ವರ್ಷ, ತಂಗಿಗೆ ನಾಲ್ಕು. ಅಂಗಳದ ಬೇಲಿಯಲ್ಲಿದ್ದ ಕಾಯಿ ಕಿತ್ತು, ಒಳಗಿನ ಕರಿ ಬೀಜ ಒಡೆದೆ. ಬೆಳ್ಳನೆಯ ತಿರುಳು. ಒಂದು ನಾನು ತಿಂದೆ, ಹಸಿ ಶೇಂಗಾದ ರುಚಿ. ಅವಳು ಕೈಚಾಚಿದಳು, ಕೊಟ್ಟೆ. ಮತ್ತೆ ಚಾಚಿದಳು, ಮತ್ತೆ ಕೊಟ್ಟೆ...

ಅರ್ಧ ತಾಸಿಗೆ ಅವಳಿಗೆ ವಾಂತಿ ಹಿಡಿಯಿತು. ಕಣ್ಣು ಮೇಲೆ ಸಿಕ್ಕಿಕೊಂಡವು. ಪಾತ್ರೆ ತಿಕ್ಕುತ್ತಿದ್ದ ಕೆಲಸದವಳು ಓಡಿಬಂದು, ತಂಗಿಯ ಫ್ರಾಕಿಗೆ ಅಂಟಿದ್ದ ಸಿಪ್ಪೆ ನೋಡಿ ತೆಲುಗಿನಲ್ಲಿ ಕೂಗಿದಳು. “ಪಾಪ ನೇಪಾಳಂ ಗಿಂಜಲು ತಿನ್ನದಮ್ಮಾ.”

ಅವ್ವನ ತೆಲುಗು ಕಾಯಿಪಲ್ಲೆ ಚೌಕಾಶಿಗೆ ಸಾಲುವಷ್ಟು. ಗಿಂಜಲು ಎಂದರೆ ಬೀಜ, ತಿನ್ನದಿ ಎಂದರೆ ತಿಂದಿದೆ ಎಂದು ಗೊತ್ತಿತ್ತು. ನೇಪಾಳ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳು ತಲೆ ಎತ್ತಿ ಮಹಡಿ ಕೋಣೆಯನ್ನು ನೋಡಿದಳು.

ದವಾಖಾನೆಯಲ್ಲಿ, ನೇಪಾಳದಿಂದ ತಂದ ಬೀಜ ಎಂದು ಅವ್ವ ಹಿಂದಿಯಲ್ಲಿ ಹೇಳಿದಳು. ಯಾವ ಬೀಜ ಎಂದು ತಿಳಿಯದೆ ಏನು ಔಷಧ ಕೊಡಲಿ, ಒಂದಾದರೂ ತಂದು ತೋರಿಸಿ ಎಂದರು ಡಾಕ್ಟರು. ಬಾಲಾನಗರದ ಕಾರ್ಖಾನೆಯಿಂದ ಓಡೋಡಿ ಬಂದ ಅಪ್ಪ ಮಾಮಾನ ಕೋಣೆಯ ಬೀಗ ಒಡೆದು ಹುಡುಕಿದ. ಬೀಜ ಇರಲಿಲ್ಲ. ಅದು ನನ್ನ ಲಂಗದ ಕಿಸೆಯಲ್ಲಿತ್ತು, ಇನ್ನೂ ಎರಡು. ಬಾಯಿ ಬಿಟ್ಟರೆ ಅವ್ವ ನನ್ನನ್ನು ಬಿಡುವುದಿಲ್ಲ, ಬಾಯಿ ಬಿಡದಿದ್ದರೆ ತಂಗಿ ಉಳಿಯುವುದಿಲ್ಲ. ನಾನು ಗಟಾರದ ಹತ್ತಿರ ಹೋಗಿ ಎರಡೂ ಬೀಜ ಎಸೆದೆ.

ಮರುದಿನ ಬೆಳಿಗ್ಗೆ ವಠಾರದವರು ಸೇರಿ ಮಾಮಾನ ಹಾಳೆಗಳನ್ನೆಲ್ಲ ಅಂಗಳಕ್ಕೆ ತಂದು ಸುರಿದರು. ಅವುಗಳ ಗಾಳಿ ಸೋಕಿದರೂ ವಿಷವೇ ಎಂದು ಯಾರೋ ಅಂದರು. ಅವ್ವನೇ ಕಡ್ಡಿ ಗೀರಿದಳು. ಇಪ್ಪತ್ತು ವರ್ಷದ ತಿರುಗಾಟ ಒಂದು ತಾಸಿನಲ್ಲಿ ಉರಿದುಹೋಯಿತು. ಮೂರನೆಯ ದಿನ, ಸಲೈನಿನ ಮೇಲೆಯೇ, ತಂಗಿ ಕಣ್ಣು ತೆರೆದು ನೀರು ಕೇಳಿದಳು.

ಮಾಮಾ ಬಂದದ್ದು ಇಪ್ಪತ್ತು ದಿನಗಳ ಮೇಲೆ. ಹೆಗಲ ಮೇಲಿನ ತಗಡಿನ ಡಬ್ಬಿಯನ್ನು ಇಳಿಸದೆ ಅಂಗಳದ ಕರಿ ಗುರುತನ್ನೇ ನೋಡುತ್ತ ನಿಂತರು. “ನಿಮ್ಮ ನೇಪಾಳದ ಬೀಜ ನನ್ನ ಕೂಸಿನ ಜೀವಾ ತಗೀತಿದ್ದುವು ಅಣ್ಣಾರ,” ಎಂದಳು ಅವ್ವ.

“ನೇಪಾಳದಿಂದ ನಾ ಒಂದ ಬೀಜಾನೂ ತಂದಿಲ್ಲರಿ ಅಕ್ಕಾರ. ಬರೇ ಎಲಿ, ಹೂವು.”

ತಂಗಿಗೆ ವಾಂತಿಯಾದ ಸಂಜೆಯೇ ಊರಿಗೆ ಹೋಗಿ, ಹಿಂದಿನ ದಿನವಷ್ಟೇ ಮರಳಿದ್ದ ಕೆಲಸದವಳು ಪಾತ್ರೆ ಕೆಳಗಿಟ್ಟು, “ಅದೇ ಕದಮ್ಮಾ ನೇಪಾಳಂ,” ಎಂದು ಬೇಲಿಯತ್ತ ಬೆರಳು ತೋರಿಸಿದಳು. ನಾವು ಬರೀ ಬೇಲಿ ಗಿಡ ಎನ್ನುತ್ತಿದ್ದ ಕಾಡು ಔಡಲಕ್ಕೆ ತೆಲುಗಿನಲ್ಲಿ ಅದೇ ಹೆಸರು. ಅವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಕೂಸು ತಾನೇ ಕಿತ್ತು ತಿಂದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಬೇಲಿಯ ಕಾಯಿ ತಂಗಿಗೆ ಎಟುಕುವಂತಿರಲಿಲ್ಲ. ಅದನ್ನು ಗಮನಿಸಿದ್ದು ಮಾಮಾ ಒಬ್ಬರೇ.

ಸಂಜೆ ನನ್ನನ್ನು ಕರೆದರು. ಬೈಯುತ್ತಾರೆ ಎಂದು ಕಂಬ ಹಿಡಿದು ನಿಂತೆ.

“ನೀ ಎಷ್ಟು ತಿಂದಿ?”

“ಒಂದ.”

“ಹೊಟ್ಟಿ ನೋಯಲಿಲ್ಲೇನು?”

ಕೇಳಿದ್ದು ಅಷ್ಟೇ. ತಿಂಗಳು ತುಂಬುವ ಮೊದಲೇ ಕೋಣೆ ಖಾಲಿ ಮಾಡಿದರು. ಹೋಗುವಾಗ ಪೇಪರಿನಲ್ಲಿ ಸುತ್ತಿದ ಒಂದು ಹಾಳೆ ನನ್ನ ಕೈಗಿಟ್ಟರು. ಬಿಚ್ಚಿ ನೋಡಿದವಳೇ ಅಟ್ಟದ ಮೇಲೆ ಬಚ್ಚಿಟ್ಟೆ. ಕೆಲವು ದಿನ ಕಳೆದು ನೋಡಿದರೆ ಹಾಳೆ ಇರಲಿಲ್ಲ. ಯಾರ ಕೈಗೆ ಸಿಕ್ಕಿತೋ ಎಂದು ಎಷ್ಟು ವರ್ಷ ಅಂಜಿದೆನೋ... ಮಾಮಾ ಮತ್ತೆ ಬರಲಿಲ್ಲ. ಯಾವುದೋ ಕಾಡಿನಲ್ಲಿ ಜ್ವರ ಬಂದು ತೀರಿಕೊಂಡರೆಂದು ಬಹಳ ದಿನಗಳ ಮೇಲೆ ಸುದ್ದಿ ಬಂತು.

ಆ ಹಾಳೆ ಇವತ್ತು ಅವ್ವನ ಧಾರೆ ಸೀರೆಯ ಕೆಳಗೆ ಸಿಕ್ಕಿತು. ಎಲೆ ಕಂದಿದೆ, ಹೊಲಿಗೆ ಬಿಟ್ಟಿಲ್ಲ. ಚೀಟಿಯ ಮೇಲೆ ಮಾಮಾನ ದುಂಡನೆಯ ಅಕ್ಷರ. ಹೆಸರು: ನೇಪಾಳಂ, ಕಾಡು ಔಡಲ. ಸ್ಥಳ: ನಾರಾಯಣಗೂಡ, ನಮ್ಮ ಬೇಲಿ. ಸಂಗ್ರಹಿಸಿದವರು, ಅದರ ಮುಂದೆ ನನ್ನ ಹೆಸರು.

ನಾಲ್ಕು ಮೂಲೆಗೂ ಒಂದೊಂದು ಡಾಂಬರು ಗುಳಿಗೆ ಇತ್ತು. ಇನ್ನೂ ಸವೆದಿರಲಿಲ್ಲ. ಹೋದ ವರ್ಷವೂ ಅವ್ವ ಬದಲಿಸಿದ್ದಾಳೆ, ಪ್ರತಿ ವರ್ಷವೂ ಬದಲಿಸಿರಬೇಕು. ನನ್ನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಇವತ್ತು ಕೇಳಿದ್ದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ಕೇಳಬೇಕಾದ ಅವ್ವ, ಮಾಮಾ ಇಬ್ಬರೂ ಈಗಿಲ್ಲ.