ಡಯೋಡಕ್ಕ ಅಂಟಿಸದ ಟೇಪು

ಕೈದೀಪದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಡಯೋಡಕ್ಕ ಎನ್ನುತ್ತಿದ್ದರು. ಬ್ಯಾಟರಿಯ ವೋಲ್ಟೇಜನ್ನು ಏರಿಸಿ ದೀಪಕ್ಕೆ ಉಣಿಸುವ ಬೋರ್ಡಿನಲ್ಲಿ, ಕರೆಂಟನ್ನು ಮುಂದಕ್ಕಷ್ಟೇ ಬಿಡುವ ಬಿಡಿಭಾಗ ಡಯೋಡು. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದರೆ ದಾಟಿಸುವ ಶಕ್ತಿಯಲ್ಲಿ ತನ್ನ ಪಾಲು ನುಂಗಿ ಬಿಸಿಯಾಗುತ್ತದೆ. ಆ ಬಿಸಿಯನ್ನು ಅವಳು ವರ್ಷಾನುಗಟ್ಟಲೆ ಅನಿವಾರ್ಯವೆಂದೇ ನಂಬಿದ್ದಳು. ನಂಬಿಕೆ ಹಳೆಯದಾದಷ್ಟಕ್ಕೇ ಪುರಾವೆಯಾಗುವುದಿಲ್ಲ.

ಅದೇ ಕಾರ್ಖಾನೆಯಲ್ಲಿದ್ದ ಅವಳ ತಮ್ಮ ನಂಬಲಿಲ್ಲ. ಸೋಲ್ಡರ್ ಮಾಡುವುದನ್ನು ಅವಳಿಂದಲೇ ಕಲಿತವನು ಡಯೋಡನ್ನು ಕಿತ್ತು, ಆ ಜಾಗದಲ್ಲಿ ಟ್ರಾನ್ಸಿಸ್ಟರ್ ಕೂರಿಸಿದ. ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ ತಕ್ಕ ಗಳಿಗೆಗೆ ಅದನ್ನು ತೆರೆದು ಮುಚ್ಚುತ್ತದೆ, ನಷ್ಟ ಅತ್ಯಲ್ಪ.

ಯಜಮಾನ ಇಬ್ಬರನ್ನೂ ಕರೆದ. "ನಂಗೆ ಒಂದೇ ಬೋರ್ಡು ಸಾಕು, ಬೋರ್ಡು ಮಾಡೋ ಮೇಜಿಗೆ ಒಬ್ರೇ ಸಾಕು. ಶುಕ್ರವಾರ ಪರೀಕ್ಷೆ, ಯಾರ ದೀಪ ಜಾಸ್ತಿ ಹೊತ್ತು ಉರಿಯುತ್ತೋ ಅವ್ರಿಗೆ ಮೇಜು. ಅಕ್ಕ ತಮ್ಮ ಅನ್ನೋದೆಲ್ಲ ಮನೇಲಿಟ್ಟು ಬನ್ನಿ."

ಆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು: ಯಾರ ಬೋರ್ಡಾದರೂ ಸರಿ, ದೋಷ ಕಂಡವರು ಅದಕ್ಕೆ ಕೆಂಪು ಟೇಪು ಅಂಟಿಸಬೇಕು. ಅದನ್ನು ಜಾರಿಗೆ ತಂದವಳು ಅವಳೇ. ಸೋಮವಾರ ತಮ್ಮ ಊಟಕ್ಕೆ ಹೋದಾಗ ಅವನ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದಳು. ಚಿಪ್‌ನ ಒಂದು ಲೋಹದ ಕಾಲು ತಪ್ಪು ಕಡೆಗೆ ಸೇರಿತ್ತು. ದೀಪ ಮಂದವಾದಾಗ ಮುಂದಕ್ಕೆ ಹರಿಯುವ ಕರೆಂಟು ಮುಗಿದರೂ ಟ್ರಾನ್ಸಿಸ್ಟರ್ ಮುಚ್ಚದು. ಕರೆಂಟು ಹಿಂದಕ್ಕೆ ಹರಿದು, ಅತ್ತಿಂದಿತ್ತ ಓಡಾಡಿಯೇ ಬ್ಯಾಟರಿ ಸವೆದೀತು. ಡಯೋಡಿಗೆ ಆ ರೋಗವಿಲ್ಲ. ಯಜಮಾನನೋ, ಯಾವಾಗಲೂ ದೀಪವನ್ನು ಮಂದವಾಗಿಟ್ಟೇ ಪರೀಕ್ಷಿಸುವವನು.

ಟೇಪಿನ ಸುರುಳಿ ಕೈಗೆ ಬಂತು. ಅದನ್ನು ಮತ್ತೆ ಡ್ರಾಯರಿಗೆ ಹಾಕಿದಳು.

ಶುಕ್ರವಾರ ಯಜಮಾನ, ಗಿರಾಕಿಗಳಿಗೆ ಈಗ ಪ್ರಖರ ಬೆಳಕೇ ಬೇಕಂತೆ ಎನ್ನುತ್ತಾ ಎರಡೂ ದೀಪಗಳ ಬೆಳಕಿನ ಗುಂಡಿಯನ್ನು ಪೂರ್ತಿ ತಿರುಗಿಸಿದ. ಅವಳ ಡಯೋಡು ಬೆರಳಿಡಲಾಗದಷ್ಟು ಕಾದಿತು. ಅವಳ ದೀಪವೇ ಮೊದಲು ಆರಿತು.

"ಇನ್ನೊಂದಿಷ್ಟು ಉರಿಸಿ ಡಯೋಡಕ್ಕ, ಟೀ ಕಾಯಿಸ್ಕೋತೀವಿ!" ಎಂದು ಪ್ಯಾಕಿಂಗಿನವನು ಕೂಗಿದ. ಎಲ್ಲರೂ ನಕ್ಕರು, ತಮ್ಮನೂ.

"ಮಂದ ಮಾಡಿ ನೋಡಿ," ಎಂದಳು ಅವಳು. "ಇವನ ಬೋರ್ಡಲ್ಲಿ ಕರೆಂಟು ವಾಪಸ್ ಹರಿಯುತ್ತೆ. ಆ ಚಿಪ್ ಕಾಲು ಗ್ರೌಂಡಿಗೆ, ಅಂದ್ರೆ ಬ್ಯಾಟರಿ ಮೈನಸ್ಸಿಗೆ, ಹೋಗ್ಬೇಕಿತ್ತು."

ರೋಗದ ಜೊತೆಗೆ ಮದ್ದನ್ನೂ ಹೇಳಿಬಿಟ್ಟೆನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ತಮ್ಮ ಆ ಕಾಲನ್ನು ಬಿಡಿಸಿ ಗ್ರೌಂಡಿಗೆ ಸೇರಿಸಿಯಾಗಿತ್ತು. ಯಜಮಾನ ಗುಂಡಿಯನ್ನು ಇಳಿಸಿ ಮೀಟರ್ ನೋಡಿದ. ಮಂದ ಬೆಳಕಿನಲ್ಲೂ ಈಗ ತಮ್ಮನದೇ ಮೇಲುಗೈ.

"ಇದು ಯಾವಾಗ ಕಣ್ಣಿಗೆ ಬಿತ್ತು?" ಯಜಮಾನ ಅವಳನ್ನು ಕೇಳಿದ.

"ಸೋಮವಾರ."

"ಟೇಪು?"

ಅವಳ ಕಣ್ಣು ಡ್ರಾಯರಿನತ್ತ ಹೋಯಿತು.

"ಬರೀ ಸೋತಿದ್ರೆ ಪ್ಯಾಕಿಂಗಿಗಾದ್ರೂ ಹಾಕ್ಕೋತಿದ್ದೆ ಕಣಮ್ಮ. ಈಗ ಅದೂ ಇಲ್ಲ."

ಅವಳು ಚೀಲ ತುಂಬುತ್ತಿರುವಾಗಲೇ ತಮ್ಮ ತನ್ನ ಸಾಮಾನನ್ನೆಲ್ಲ ತಂದು ಅವಳ ಮೇಜಿನ ಮೇಲೆ ಹರಡತೊಡಗಿದ. ಕುರ್ಚಿಯ ಎತ್ತರವನ್ನು ತನಗೆ ತಕ್ಕಂತೆ ಇಳಿಸಿಕೊಂಡ. ಅವಳು ಬಾಗಿಲು ಮುಟ್ಟಿದಾಗ, "ಅಕ್ಕ, ಒಂದ್ನಿಮಿಷ," ಎಂದ. "ಬೇರೇನಾದ್ರೂ ತಪ್ಪು ಬಚ್ಚಿಟ್ಕೊಂಡಿದ್ರೆ ಇಲ್ಲೇ ಹೇಳ್ಬಿಡು. ಆಮೇಲೆ ಅಮ್ಮನ ಮುಂದೆ ಕೂತು ಅಳೋದೆಲ್ಲ ಬೇಡ."

"ಇಲ್ಲ," ಎಂದಳು.

ನಿಜಕ್ಕೂ ಇರಲಿಲ್ಲ. ವಾರವೆಲ್ಲ ಅವಳು ಅಂಥ ಇನ್ನೊಂದು ತಪ್ಪನ್ನೇ ಹುಡುಕಿದ್ದಳು.