ವೇದಿಕೆಗೆ ಬೆನ್ನು ಮಾಡಿದ ಶಾಂತಕ್ಕ

ಹಾಡುವವರಿಗೆ ಬೆನ್ನು ತಿರುಗಿಸಿ ಸಂಗೀತ ಕೇಳುತ್ತಿದ್ದವಳೆಂದರೆ ಶಾಂತಕ್ಕ ಒಬ್ಬಳೇ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಕುಬಸ ಹೊಲಿಯುತ್ತಿದ್ದಳು. ಸಂಗೀತದ ಸಭೆಗಳಲ್ಲಿ ಅವಳೆದುರಿಗೆ, ವೇದಿಕೆಯತ್ತ ಮುಖ ಮಾಡಿ, ಹುಟ್ಟಿನಿಂದ ಕಿವಿ ಕೇಳದ ತಂಗಿ ನೀಲವ್ವ ಕೂಡುತ್ತಿದ್ದಳು. ಹಾಡು ಶುರುವಾಯಿತೆಂದರೆ ಶಾಂತಕ್ಕನ ಕೈಗಳೂ ಶುರು. ಅಕ್ಕತಂಗಿಯರು ಮನೆಯಲ್ಲೇ ಕಟ್ಟಿಕೊಂಡ ಸನ್ನೆಗಳು ಅವು. ಸ್ವರಗಳು ಓಡುವ ತಾನ ಬಂದರೆ ತಂಗಿಯ ಮೊಣಕೈಯಿಂದ ಕೆಳಗೆ ಬೆರಳು ಓಡಿಸುವಳು. ತಾಳದ ಮೊದಲ ಮಾತ್ರೆ ಸಮ್ ಬಿದ್ದಾಗ ಅಂಗೈಗೆ ಒಂದು ಪೆಟ್ಟು. ಹಾರ್ಮೋನಿಯಂ ಸಾಥಿಗೆ ಕೂಡುತ್ತಿದ್ದ ನಾನು ಸಮ್ ತಪ್ಪಿದ್ದುಂಟು. ಅವಳು ತಪ್ಪಿದ್ದನ್ನು ನಾನೆಂದೂ ನೋಡಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಸವಣೂರಿನ ಒಂದು ಸಭೆ. ವ್ಯವಸ್ಥಾಪಕರೊಬ್ಬರು ಬಗ್ಗಿ, "ಬಾಯಾರ, ಜನಾ ಹಾಡ ಬಿಟ್ಟು ನಿಮ್ಮ ಕೈ ನೋಡಾಕತ್ತಾರ. ಕಿವುಡಿಗೆ ಸಂಗೀತ ಯಾಕ್ರಿ? ಹಿಂದ ಹೋಗ್ರಿ" ಅಂದರು.

"ಹಿಂದ ಕುಂತ್ರ ಅಕಿಗೆ ಗವಾಯಿಗಳ ಮಾರಿ ಕಾಣಂಗಿಲ್ರಿ. ನಿಮಗ ಕಿವಿ ಅದಾವಲ್ಲ, ನೀವ ಹಿಂದ ಕುಂದರ್ರಿ" ಅಂದಳು ಶಾಂತಕ್ಕ. ಕದಲಲಿಲ್ಲ.

ಹಿರೇಕೆರೂರಿನಲ್ಲಿ ಮಾತ್ರ ಗವಾಯಿಗಳೇ ಸಿಟ್ಟಾದರು. ತತ್ವಪದವೊಂದನ್ನು ನಡುವೆ ನಿಲ್ಲಿಸಿ, "ಆ ಕೈ ನಿಂದ್ರಸ್ರಿ, ನನ್ನ ಲಕ್ಷ್ಯ ತಪ್ಪಾಕತ್ತೈತಿ" ಎಂದು ಗದರಿದರು. ಶಾಂತಕ್ಕ ಅದನ್ನೂ ಸನ್ನೆ ಮಾಡಿ ತಂಗಿಗೆ ಹೇಳಿದಳು. ನೀಲವ್ವ ಎದ್ದು ನಿಂತು, ಗವಾಯಿಗಳನ್ನೇ ನೋಡುತ್ತ, ಸರಸರ ಕೈಯಾಡಿಸಿದಳು. ಆ ಪದ ಅವಳು ಎಷ್ಟೋ ಸಭೆಗಳಲ್ಲಿ ಅಕ್ಕನ ಕೈಗಳಲ್ಲಿ ಕಂಡಿದ್ದದ್ದು.

ಶಾಂತಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಿಂದ್ರಿಸಿದ್ದು ಚಲೋ ಆತಂತ್ರಿ. ನಡುವ ಒಂದು ಸಾಲು ಬಿಟ್ಟೀರಿ. ಹೊಳ್ಳಿ ಮೊದಲಿಂದ ಹಾಡ್ರಿ ಅಂತಾಳ ನನ್ನ ತಂಗಿ."

ನಿಜವಾಗಿಯೂ ಬಿಟ್ಟಿದ್ದರು. ಹಾರ್ಮೋನಿಯಂ ಮುಂದೆ ಕೂತಿದ್ದ ನಾನು ನಕ್ಕುಬಿಟ್ಟೆ. ಗವಾಯಿಗಳು ಮುಖ ಗಂಟಿಕ್ಕಿಕೊಂಡೇ ಮೊದಲಿನಿಂದ ಹಾಡಿದರು, ಆ ಸಾಲೂ ಸೇರಿಸಿ. ನನ್ನನ್ನು ಮತ್ತೆಂದೂ ಸಾಥಿಗೆ ಕರೆಯಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಶಾಂತಕ್ಕನನ್ನು ಕಡೆಯ ಸಲ ಕಂಡದ್ದು ಶಿಗ್ಗಾವಿಯ ಸಭೆಯೊಂದರಲ್ಲಿ. ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. "ಇನ್ನರ ಮನ್ಯಾಗ ಇರಬಾರದ ಶಾಂತಕ್ಕಾ?" ಅಂದೆ, ತಡೆಯಲಾರದೆ.

"ಯಾಕ? ನನಗ ಲಕ್ವಾ ಹೊಡದೈತಿ, ಹಾಡಿಗೇನ ಹೊಡದಿಲ್ಲಲ್ಲ!" ಎಂದು ಮುಂದಿನ ಸಾಲಿಗೇ ಹೋಗಿ ಕೂತಳು.

ಎರಡೇ ತಿಂಗಳಿಗೆ ತೀರಿಕೊಂಡಳೆಂದು ಸುದ್ದಿ ಬಂತು. ಆದರೆ ಶಿಗ್ಗಾವಿಯ ಆ ಸಂಜೆ ಅವಳು ಒಂದು ಪದವನ್ನೂ ಬಿಡಲಿಲ್ಲ. ಎಡಗೈಯೊಂದರಲ್ಲೇ ಹೇಳುತ್ತ ಹೋದಳು. ಎರಡು ಕೈ ಬೇಕಾದ ಸನ್ನೆ ಬಂದಾಗ ನೀಲವ್ವ ತನ್ನ ಬಲಗೈಯನ್ನು ಮುಂದೆ ಚಾಚುತ್ತಿದ್ದಳು.