ಸ್ಕೊಲಾಸ್ಟಿಕಾಳ ಮೂರು ನೀರು

ರಾಜಧಾನಿ ಅಕ್ರಾದಿಂದ ಬಂದ ಪ್ರಶಸ್ತಿ ಸಮಿತಿಯ ಹಿರಿಯರ ಮೂಗಿನ ಮೇಲೆ ಸೊಳ್ಳೆ ಕೂತ ಹೊತ್ತಿಗೆ ಡಾಕ್ಟರ್ ಅಯಿಂಬಿಲ್ಲಾ ಅವರ ಭಾಷಣ 'ಹತ್ತೇ ನಿಮಿಷದಲ್ಲಿ ಸರ್ವನಾಶ' ಎಂಬಲ್ಲಿಗೆ ಮೂರನೇ ಸಲ ಬಂದಿತ್ತು. ಹತ್ತು ನಿಮಿಷ ಕಳೆದು ನಲವತ್ತಾಗಿತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹನ್ನೆರಡು ಗಾಜಿನ ಲೋಟ, ಪ್ರತಿ ಲೋಟದಲ್ಲೂ ಕಹಿಸೊಪ್ಪಿನ ರಸ ಬೆರೆಸಿದ ನೀರು, ಆ ನೀರಿನಲ್ಲಿ ಇಪ್ಪತ್ತೈದು ಸೊಳ್ಳೆಮರಿ. ಸಾಯಬೇಕಾದ ಮರಿಗಳು ಮದುವೆಮನೆಯ ಮಕ್ಕಳ ಹಾಗೆ ಮೇಲೆ ಕೆಳಗೆ ಕುಣಿಯುತ್ತಿದ್ದವು. ಅತಿಥಿಗಳು ಗಡಿಯಾರ ನೋಡಿಕೊಂಡರು. ಡಾಕ್ಟರು ಒಂದು ಲೋಟವನ್ನು ಬೆರಳಿನಿಂದ ತಟ್ಟಿದರು. ಮರಿಗಳು ಇನ್ನೂ ಹುರುಪಾದವು.

ಆಗ, ತೊಳೆದ ಸೀಸೆಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಸ್ಕೊಲಾಸ್ಟಿಕಾ, ತಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೇನೆಂದು ನಂಬಿ, ಇಡೀ ಸಭೆಗೆ ಕೇಳುವಂತೆ ಅಂದಳು: "ಅಯ್ಯೋ, ಎಷ್ಟು ಚೆನ್ನಾಗಿ ಈಜ್ತಾವೆ! ನಮ್ಮ ಡಾಕ್ಟ್ರಿಗೇ ಈಜು ಬರಲ್ಲ."

ಸಭೆ ನಕ್ಕಿತು. ಹಿರಿಯರು ಮೂಗು ಕೆರೆದುಕೊಳ್ಳುತ್ತಾ ನಕ್ಕರು. ನಗದೇ ಇದ್ದವರು ಡಾಕ್ಟರೊಬ್ಬರೇ. ಅಷ್ಟು ಹೊತ್ತಿಗೆ ಟ್ರೇ ಕೈಜಾರಿ ಎರಡು ಸೀಸೆ ಒಡೆದದ್ದು ಸ್ಕೊಲಾಸ್ಟಿಕಾಳ ಅಪರಾಧಗಳ ಪಟ್ಟಿಗೆ ಆಮೇಲೆ ಸೇರಿತು. ಪಟ್ಟಿ ಬೆರಳಚ್ಚು ಮಾಡಿದವಳು ನಾನೇ.

ಸ್ಕೊಲಾಸ್ಟಿಕಾ ಬಯೋರ್ ಬೋಲ್ಗಟಂಗಾದ ನಮ್ಮ ಸಂಶೋಧನಾ ಕೇಂದ್ರದ ತೊಳೆಯುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾಳೆ. ಜಿರಾಪಾ ಕಡೆಯ ದಗಾಬಾ ಕುಲದ ಹೆಂಗಸು. ಹೆಸರಿಟ್ಟವರು ಕಾನ್ವೆಂಟಿನ ಸಿಸ್ಟರುಗಳು. ಹೆಸರಿನಲ್ಲೇ ಸ್ಕೂಲು ಇದ್ದದ್ದರಿಂದಲೋ ಏನೋ, ಮೂರನೇ ಕ್ಲಾಸಿನ ನಂತರ ಅವಳಿಗೆ ಬೇರೆ ಸ್ಕೂಲು ಬೇಕಾಗಲಿಲ್ಲ. ಸಂಶೋಧಕರು ಶೋಧಿಸಿ ಬಿಟ್ಟ ಗಷ್ಟನ್ನು ಉಜ್ಜುವುದು ಅವಳ ಕೆಲಸ. ಯಾವ ವಿಭಾಗದ ಪಾತ್ರೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮಣ್ಣಿನವರದ್ದು ತಳದಲ್ಲಿ ಗರಗರ ಅನ್ನುತ್ತದೆ. ವೈದ್ಯ ವಿಭಾಗದ್ದನ್ನು ಮೂಗಿನ ಹತ್ತಿರ ತರಬಾರದು. ಭೌತವಿಜ್ಞಾನದವರಿಂದ ಬರುವುದು ಚಹಾ ಲೋಟ ಮಾತ್ರ, ಅದರಲ್ಲೂ ಸಕ್ಕರೆ ಕರಗಿರುವುದಿಲ್ಲ.

"ಸಕ್ಕರೆ ಕರಗ್ಸೋಕೆ ಬರ್ದೋರು ಆಕಾಶ ಅಳೀತಾರಂತೆ" ಎನ್ನುತ್ತಿದ್ದಳು.

ಅವಳ ಹತ್ತಿರ ಬಾರದೇ ಇದ್ದದ್ದು ಒಂದೇ: ಕೀಟಕೋಣೆಯ ಪ್ಲಾಸ್ಟಿಕ್ ಬಟ್ಟಲು. 'ಮರಿಗಳ ಬಟ್ಟಲಿಗೆ ಸೋಪು ಸೋಕಕೂಡದು' ಎಂದು ಆ ಕೋಣೆಯ ಗೋಡೆಯ ಮೇಲೆ ನೋಟೀಸು ಇತ್ತು. ಅದನ್ನೂ ನಾನೇ ಬೆರಳಚ್ಚು ಮಾಡಿದ್ದೆ. ಸ್ಕೊಲಾಸ್ಟಿಕಾ ಅದನ್ನು ತನ್ನ ಕೈಗೆ ಮಾಡಿದ ಅವಮಾನ ಎಂದು ತಿಳಿದು ಕೀಟದವರೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. ನಮ್ಮ ಕೇಂದ್ರದಲ್ಲಿ ಇದು ವಿಶೇಷವಲ್ಲ. ಮಣ್ಣಿನವರು ಸೊಪ್ಪಿನವರನ್ನು ಮೇಕೆಗಳು ಎನ್ನುತ್ತಿದ್ದರು. ಸೊಪ್ಪಿನವರ ಮಾತಿನಲ್ಲಿ ಮಣ್ಣಿನವರು ಎರೆಹುಳುಗಳು. ನಿಜವಾದ ವಿಜ್ಞಾನ ಯಾರದ್ದೆಂಬ ಜಗಳ ಕ್ಯಾಂಟೀನಿನಲ್ಲಿ ಟೂಝಾಫಿ ಮುದ್ದೆ ಆರಿ ಗಟ್ಟಿಯಾಗುವ ತನಕ ನಡೆಯುತ್ತಿತ್ತು. ವಿಜ್ಞಾನ ಸಾಧನೆಗೆ ಏನೇನು ಆಧಾರ ಬೇಕೆಂದು ಪ್ರಶಸ್ತಿ ಸಮಿತಿ ಕೇಳಿದಾಗ ನಿರ್ದೇಶಕಿ ಲಾಂಪ್ಟಿ ಮೇಡಂ ಎರಡು ಪುಟ ಬರೆಸಿದರು. ಸಾಧನಗಳು, ಸಹಕಾರ, ದೂರದೃಷ್ಟಿಯ ನಾಯಕತ್ವ ಎಲ್ಲ ಇತ್ತು. ನೀರು ಇರಲಿಲ್ಲ. ಪಟ್ಟಿಯಲ್ಲೂ ಇರಲಿಲ್ಲ, ನಲ್ಲಿಯಲ್ಲೂ ಇರಲಿಲ್ಲ.

ಡಾಕ್ಟರ್ ಅಯಿಂಬಿಲ್ಲಾ ಅವರ ಸಾಧನೆ ಆ ವರ್ಷ ಕೇಂದ್ರದ ಹೆಮ್ಮೆ. ಹೊಲದಂಚಿನಲ್ಲಿ ಬೆಳೆಯುವ, ಮೇಕೆಯೂ ಮೂಸದ ಒಂದು ಸೊಪ್ಪಿನ ರಸ ಸೊಳ್ಳೆಮರಿಗಳನ್ನು ಕೊಲ್ಲುತ್ತದೆಂದು ಅವರು ಮೂರು ವರ್ಷದ ಪ್ರಯೋಗದಿಂದ ಕಂಡುಹಿಡಿದಿದ್ದರು. ಅದಕ್ಕಿಂತ ದೊಡ್ಡದು ಅವರ ಸಿದ್ಧಾಂತ: ಹರ್ಮಟಾನ್ ಗಾಳಿ ಬೀಸುವ ಒಣ ಬೇಸಿಗೆಯಲ್ಲಿ ಕಿತ್ತ ಸೊಪ್ಪಿಗೇ ಕಸುವು, ಮಳೆಗಾಲದ ಸೊಪ್ಪು ಬರೀ ಸಪ್ಪೆ. ಬಾಯಾರಿದ ಗಿಡ ಸಿಟ್ಟಿನಿಂದ ವಿಷ ಕೂಡಿಡುತ್ತದೆ ಎಂದು ಅವರು ವಿವರಿಸಿದಾಗ ಹೊರದೇಶದವರೂ ತಲೆದೂಗಿದ್ದರು. ಹೋಲಿಸಿ ನೋಡಲು ಬರೀ ನೀರಿನಲ್ಲಿ ಬಿಟ್ಟ ಮರಿಗಳು ಕೀಟಕೋಣೆಯ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಸುಖವಾಗಿ ಬದುಕಿದ್ದವು. ಸೊಪ್ಪಿನ ರಸ ಇದ್ದದ್ದು ಸ್ಕೊಲಾಸ್ಟಿಕಾ ತೊಳೆದ ಗಾಜಿನ ಲೋಟಗಳಲ್ಲಿ.

ಡಾಕ್ಟರು ಫ್ರಾಫ್ರಾ ಕುಲದವರು. ದಗಾಬಾದವರಿಗೂ ಫ್ರಾಫ್ರಾದವರಿಗೂ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತನ. ನಾಯಿಮಾಂಸದಲ್ಲಿ ತಲೆ ಯಾರಿಗೆ, ಬಾಲ ಯಾರಿಗೆ ಎಂಬ ಹಳೇ ಜಗಳದಿಂದ ಹುಟ್ಟಿದ್ದಂತೆ. ಸಾವಿನ ಮನೆಯಲ್ಲೂ ಬೈದುಕೊಳ್ಳಬಹುದು, ಕೋಪಿಸಿಕೊಂಡವನು ಸೋತ. ಡಾಕ್ಟರು ಬಂದ ದಿನದಿಂದ ಬೆಳಗ್ಗೆ ಎಂಟಕ್ಕೆ ತೊಳೆಯುವ ಕೋಣೆಯ ಕಿಟಕಿಯಲ್ಲಿ ಇದು ನಡೆಯುತ್ತಿತ್ತು.

"ಏ ನನ್ನ ಗುಲಾಮಿ, ಇನ್ನೂ ಓಡಿಹೋಗಿಲ್ವೇನೇ?"

"ನಾನು ಓಡಿದ್ರೆ ಊರಿನ ನಾಯಿಗಳ ಗತಿಯೇನೋ? ನಾಯಿತಲೆ ಕಂಡ್ರೆ ಜೊಲ್ಲು ಸುರಿಸೋನು ನೀನು."

"ನಿಮ್ಮಪ್ಪ ನಮ್ಮಪ್ಪನ ಹತ್ರ ಬಾಲ ಬೇಡ್ತಿದ್ದ."

"ನಿಮ್ಮಪ್ಪ ಕೊಡ್ಲಿಲ್ಲ, ಅಲ್ಲೇ ನಿಂತು ತಿಂದ. ಹೋಗು, ಲೋಟ ತಗೊಂಡು ತೊಲಗು!"

ಲಾಂಪ್ಟಿ ಮೇಡಂ ಕಡಲತೀರದವರು, ಇದೆಲ್ಲ ಅವರಿಗೆ ಅರ್ಥವಾಗದು. 'ಸಿಬ್ಬಂದಿ ಪರಸ್ಪರ ಗೌರವದಿಂದ ನಡೆದುಕೊಳ್ಳತಕ್ಕದ್ದು' ಎಂದು ಎರಡು ಸಲ ಸುತ್ತೋಲೆ ಹೊರಡಿಸಿದ್ದರು. ಅತಿಥಿಗಳು ಹೋದ ಮಾರನೇ ಬೆಳಗ್ಗೆ ಅವರ ಆಸೆ ಈಡೇರಿತು. ಡಾಕ್ಟರು ಕಿಟಕಿಯಲ್ಲಿ ನಿಂತು, ಟೈ ಸರಿಮಾಡಿಕೊಂಡು, "ಶ್ರೀಮತಿ ಬಯೋರ್ ಅವರೇ, ದಯವಿಟ್ಟು ಹನ್ನೊಂದು ಗಂಟೆಗೆ ನಿರ್ದೇಶಕರ ಕೋಣೆಗೆ ಬನ್ನಿ" ಎಂದರು.

ಸ್ಕೊಲಾಸ್ಟಿಕಾಳ ಕೈಯಿಂದ ಬ್ರಷ್ಷು ಬಿತ್ತು. ನೇರ ನನ್ನ ಮೇಜಿಗೆ ಬಂದಳು.

"ಅವನು ನನ್ನ 'ಅವರೇ' ಅಂದ ಕಣೇ. ನನ್ನ ಕೆಲಸ ಹೋಯ್ತು."

ಸುಳ್ಳಲ್ಲ. ಕೆಲಸದಿಂದ ತೆಗೆಯುವ ಪತ್ರ ಆಗಲೇ ನನ್ನ ಯಂತ್ರದಲ್ಲಿ ಅರ್ಧ ಆಗಿತ್ತು. ನಾನು ಅದರ ಮೇಲೆ ಕರವಸ್ತ್ರ ಹಾಕಿದೆ.

ಹನ್ನೊಂದಕ್ಕೆ ಎಲ್ಲ ವಿಭಾಗದವರೂ ನೆರೆದರು. ಸಂಶೋಧನೆಯ ಸಭೆಗೆ ನಾಲ್ಕು ಜನ ಬಂದರೆ ಹೆಚ್ಚು, ಅವತ್ತು ಕುರ್ಚಿ ಸಾಲಲಿಲ್ಲ. ನಾನು ನಡಾವಳಿ ಬರೆದುಕೊಳ್ಳಲು ಮೂಲೆಯಲ್ಲಿ ಕೂತೆ.

"ವಿಷಯ ಸರಳ" ಎಂದರು ಡಾಕ್ಟರು, ಅವಳ ಕಡೆ ನೋಡದೆ. "ಇವರು ಕೊಳಕು ಲೋಟ ಕೊಟ್ರು. ಕೊಳಕು ನನ್ನ ಔಷಧೀನ ಕೆಡಿಸ್ತು. ಸಮಿತಿ ಎದುರು ಕೇಂದ್ರದ ಮಾನ ಹೋಯ್ತು. ಆಮೇಲೆ ಇವರು ತಮಾಷೆನೂ ಮಾಡಿದ್ರು."

"ಅವತ್ತಿನ ಲೋಟ ಮೂರು ನೀರಲ್ಲಿ ತೊಳ್ದಿದ್ದು" ಎಂದಳು ಸ್ಕೊಲಾಸ್ಟಿಕಾ. "ನೆಂಟರ ಕಕ್ಕಸಿಗೆ ಅಂತ ಟ್ಯಾಂಕರ್ ತರಿಸಿದ್ರಲ್ಲ ಮೇಡಂ, ಅದ್ರಲ್ಲಿ ಆರು ಬಕೆಟ್ ನಾನೂ ಹಿಡ್ಕೊಂಡೆ. ಕದ್ದೆ ಅಂತಾನೇ ಬರ್ಕೊಳ್ಳಿ."

"ಮೂರು ನೀರು ಅವತ್ತು. ಬೇರೆ ದಿನ?"

"ಮಳೆಗಾಲದಲ್ಲಿ ನಲ್ಲಿ ಇರತ್ತೆ, ಮೂರು ನೀರು. ಹರ್ಮಟಾನ್‌ನಲ್ಲಿ ಎಲ್ಲಿಂದ ತರ್ಲಿ? ಒಂದು ತೊಟ್ಟಿ ತುಂಬ್ಸಿ, ಸೋಪು ಹಚ್ಚಿದ್ದನ್ನ ಅದ್ರಲ್ಲಿ ಒಂದ್ಸಲ ಅದ್ದಿ ತೆಗೀತೀನಿ. ಸಂಜೆವರೆಗೂ ಅದೇ ತೊಟ್ಟಿ. ನಮ್ಮಮ್ಮ ಪಿಟೊ ಹೆಂಡ ಕುಡಿಯೋ ಸೋರೆಬುರುಡೆ ತೊಳೀತಿದ್ದದ್ದೂ ಹಾಗೇ. ಅವಳ ಅಂಗಡೀಲಿ ಯಾರೂ ಸತ್ತಿಲ್ಲ."

ಡಾಕ್ಟರು ಮೊದಲ ಸಲ ನಕ್ಕರು. ಒಳ್ಳೆಯ ನಗೆಯಲ್ಲ. "ಕೇಳಿದ್ರಾ ಮೇಡಂ? ಅವರ ಬಾಯಿಂದಲೇ ಬಂತು. ಮೂರು ವರ್ಷ ಬೇಸಿಗೇಲಿ ಕೊಳಕು ಲೋಟ ಕೊಟ್ಟಿದಾರೆ. ನನ್ನ ಸೊಪ್ಪು ಆ ಕೊಳಕನ್ನೂ ಮೀರಿ ಕೊಂದಿದೆ, ಅದು ಸೊಪ್ಪಿನ ದೊಡ್ಡಸ್ತಿಕೆ. ಇಂಥ ಅಜ್ಞಾನಿಗಳನ್ನ ಇಟ್ಕೊಂಡು ವಿಜ್ಞಾನ ಮಾಡೋದು ಹೇಗೆ?"

ಸೊಪ್ಪಿನವರು ಚಾವಣಿ ನೋಡಿದರು, ಮಣ್ಣಿನವರು ನೆಲ. ಭೌತವಿಜ್ಞಾನದವರು ಚಹಾ ಕುಡಿದರು. ಇಪ್ಪತ್ತಾರು ವರ್ಷ ಅವರ ಲೋಟ ತೊಳೆದವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಕಲೆ ಉಳಿದಿದೆಯೇ ಎಂದು ನೋಡುವ ಹಾಗೆ.

"ಅಜ್ಞಾನಿ ಅಂತ ಬೇಕಾದ್ರೆ ಅನ್ನು" ಎಂದಳು ಡಾಕ್ಟರಿಗೆ. "ಕೊಳಕಿ ಅನ್ಬೇಡ. ಎರಡು ಸಾಲು ಲೋಟ ಇಡೋಣ. ಒಂದು ಸಾಲು ನಾನು ಬೇಸಿಗೇಲಿ ತೊಳೆಯೋ ಹಾಗೆ, ಒಂದು ಸಾಲು ಮೂರು ನೀರಿಂದು. ಸೊಪ್ಪು ಬೇಡ, ಕುಡಿಯೋ ನೀರು ಸಾಕು. ಮರಿ ನೀನೇ ಬಿಡು. ನನ್ನ ಲೋಟದಲ್ಲಿ ಏನಿದೆ ಅಂತ ಎಲ್ರೂ ನೋಡ್ಲಿ."

"ಸಮಯ ಹಾಳು" ಎಂದರು ಡಾಕ್ಟರು.

"ಆಗ್ಲಿ, ಇಡಿ" ಎಂದ ಮಣ್ಣು ವಿಭಾಗದ ಸುಮಾನಿ. ಪ್ರಶಸ್ತಿಗೆ ಅವನೂ ಅರ್ಜಿ ಹಾಕಿದ್ದ.

ಲಾಂಪ್ಟಿ ಮೇಡಂ ಗಡಿಯಾರ ನೋಡಿ ಒಪ್ಪಿದರು. ಎಲ್ಲರೂ ತೊಳೆಯುವ ಕೋಣೆಗೆ ನಡೆದರು. ಸ್ಕೊಲಾಸ್ಟಿಕಾ ಎಲ್ಲರೆದುರೇ ತೊಳೆದಳು. ಬೆಳಗ್ಗೆಯಿಂದ ಬಳಸಿದ ತೊಟ್ಟಿ ಅಲ್ಲೇ ಇತ್ತು. ಆರು ಲೋಟ ಅದರಲ್ಲಿ ಅದ್ದಿ ಎತ್ತಿದಳು. ಟ್ಯಾಂಕರಿನಲ್ಲಿ ಉಳಿದ ನೀರಿನಿಂದ ಇನ್ನಾರಕ್ಕೆ ಮೂರು ನೀರು ಹಾಕಿದಳು. ಡಾಕ್ಟರು ಮರಿಗಳನ್ನು ಎಣಿಸಿ ಬಿಟ್ಟರು, ಒಂದೊಂದಕ್ಕೂ ಇಪ್ಪತ್ತೈದು. ಸ್ಕೊಲಾಸ್ಟಿಕಾ ಕೈಕಟ್ಟಿ, ಗದ್ದ ಎತ್ತಿ ನಿಂತಳು. ಅವಳ ಆ ಧೈರ್ಯ ನೋಡಿ ನಾನು ಪತ್ರದ ಮೇಲಿನ ಕರವಸ್ತ್ರವನ್ನು ಮನಸ್ಸಿನಲ್ಲೇ ಇನ್ನಷ್ಟು ಒತ್ತಿದೆ.

ಐದು ನಿಮಿಷಕ್ಕೆ ಮೊದಲ ಸಾಲಿನ ಕುಣಿತ ನಿಧಾನವಾಯಿತು. ಹತ್ತೇ ನಿಮಿಷಕ್ಕೆ ನಿಂತಿತು. ಸೊಪ್ಪಿನ ಒಂದು ಹನಿಯೂ ಇಲ್ಲದ ನೀರಿನಲ್ಲಿ ನೂರೈವತ್ತು ಮರಿಗಳು ಸತ್ತು ತಳ ಸೇರಿದವು. ಎರಡನೇ ಸಾಲಿನಲ್ಲಿ ಮದುವೆ ಇನ್ನೂ ನಡೆಯುತ್ತಿತ್ತು.

ಕೀಟಕೋಣೆಯವನೊಬ್ಬ ತನ್ನ ಗೋಡೆಯ ನೋಟೀಸು ನೆನಪಾಗಿ ಮೆಲ್ಲಗೆ "ಸೋಪು" ಎಂದ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಬೇಸಿಗೆಯಲ್ಲಿ ಹೆಚ್ಚಿದ್ದದ್ದು ಸೊಪ್ಪಿನ ಕಸುವಲ್ಲ, ತೊಟ್ಟಿಯ ಸೋಪು.

"ಡಾಕ್ಟ್ರೇ" ಎಂದ ಸುಮಾನಿ, ಸಂತೋಷ ತಡೆಯಲಾರದೆ, "ಎಲೆನೇ ಹಾಕ್ದೆ ಮೂರು ವರ್ಷ ಊಟ ಬಡ್ಸಿದ್ರಲ್ಲ!"

"ಬಾಯಿ ಮುಚ್ಚೋ, ಮಣ್ಣು ತಿನ್ನೋನೆ!" ಡಾಕ್ಟರು ಕಿರುಚಿದರು. ಅದು ನೆಂಟಸ್ತನದ ಬೈಗುಳವಲ್ಲ. ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದರು, ಇಳಿಸಿದರು, ಇನ್ನೊಂದು ಎತ್ತಿದರು. ನಾನು ನಾಲ್ಕು ಸಲ ಬೆರಳಚ್ಚು ಮಾಡಿದ ಸಿದ್ಧಾಂತ ಅವರ ಮುಖದಿಂದ ಇಳಿದುಹೋಗುವುದು ಕಾಣುತ್ತಿತ್ತು. ಸ್ಕೊಲಾಸ್ಟಿಕಾಳ ಕಡೆ ಅವರು ಎಸೆದ ನೋಟದಲ್ಲಿ ಕ್ಷಮೆ ಎಂಬುದು ಚೂರೂ ಇರಲಿಲ್ಲ. ಅವರು ಬಾಗಿಲು ಬಡಿದುಕೊಂಡು ಹೋದರು.

ಸ್ಕೊಲಾಸ್ಟಿಕಾ ಮಾತ್ರ ಬಿಟ್ಟ ಕಣ್ಣು ಬಿಟ್ಟ ಹಾಗೆ ಮೊದಲ ಸಾಲನ್ನೇ ನೋಡುತ್ತಿದ್ದಳು. ಗೆದ್ದವರ ಗಾಂಭೀರ್ಯ ಎಂದು ನಾವೆಲ್ಲ ತಿಳಿದೆವು.

ಲಾಂಪ್ಟಿ ಮೇಡಂ ನನ್ನ ಕಡೆ ತಿರುಗಿ ಆ ಪತ್ರ ಹರಿದುಹಾಕಲು ಸನ್ನೆ ಮಾಡಿದರು. ಪ್ರಶಸ್ತಿ ಹೋಯಿತು, ಆದರೆ ಸಮಿತಿಗೆ ಏನಾದರೂ ಬರೆಯಲೇಬೇಕಲ್ಲ. ಕೇಂದ್ರದ ಮಾನಕ್ಕೆ ಒಂದು ಬಟ್ಟೆಯ ಚೂರು ಸಿಕ್ಕಿದ ಹೊಳಪು ಅವರ ಕಣ್ಣಲ್ಲಿತ್ತು. "ಬರ್ಕೊಳ್ಳಿ" ಎಂದು ನನಗೆ ಹೇಳಿ, ಅವಳನ್ನು ಕೇಳಿದರು:

"ಸ್ಕೊಲಾಸ್ಟಿಕಾ, ಇಷ್ಟು ಜನ ಪಿಎಚ್‌ಡಿಗಳಿಗೆ ಮೂರು ವರ್ಷ ಹೊಳೀದೇ ಇದ್ದದ್ದು ನಿಂಗೆ ಹೇಗಮ್ಮ ಹೊಳೀತು?"

"ಏನು ಹೊಳಿಯೋದು ಮೇಡಂ" ಎಂದಳು ಅವಳು, ಸತ್ತ ಮರಿಗಳಿಂದ ಕಣ್ಣು ಕೀಳದೆ. "ಎರಡು ಸಾಲೂ ಬದುಕ್ತಾವೆ ಅಂದ್ಕೊಂಡೇ ಇಟ್ಟಿದ್ದು."